ಎಂಟು ನಿಮಿಷ ಮೂವತ್ತೊಂದು ಸೆಕೆಂಡು

ಹೊನ್ನಗುಡ್ಡದ ಗಣಿಯಲ್ಲಿ ಚಿನ್ನ ಮುಗಿದು ಹನ್ನೆರಡು ವರ್ಷವಾದ ಮೇಲೂ ಒಂದು ಪಂಪು ಮಾತ್ರ ಬಿಡುವಿಲ್ಲದೆ ಓಡುತ್ತಲೇ ಇತ್ತು. ಹುಸೇನಪ್ಪನ ಹೆಂಡತಿ ಅಮರಮ್ಮ ಒಂದು ಕಾಗದಕ್ಕೆ ಸಹಿ ಹಾಕಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಓಡುತ್ತಿತ್ತು.

ಮೂವತ್ಮೂರು ವರ್ಷದ ಹಿಂದೆ ಆರನೇ ಲೆವೆಲ್‌ನಲ್ಲಿ, ನೆಲದಿಂದ ಒಂದು ಕಿಲೋಮೀಟರಿಗೂ ಕೆಳಗೆ, ಬಂಡೆ ಕುಸಿದು ಒಂಬತ್ತು ಜನ ಒಳಗೇ ಉಳಿದುಬಿಟ್ಟರು. ಅವರನ್ನು ಹೊರಗೆ ತರಲು ಆಗಲೇ ಇಲ್ಲ. ಅವರಲ್ಲೊಬ್ಬ ಅಮರಮ್ಮನ ಅಪ್ಪ ದುರುಗಪ್ಪ. ಆಗ ಅವಳಿಗೆ ಒಂಬತ್ತು ವರ್ಷ. ಮುಂದೆ ಕಂಪನಿಯವರು ಗಣಿ ಮುಚ್ಚಲು ಹೊರಟಾಗ, ಒಂಬತ್ತು ಮನೆಯವರೂ ಒಪ್ಪದೆ ಪಂಪು ನಿಲ್ಲಿಸಕೂಡದು ಎಂದು ನ್ಯಾಯಾಲಯ ಹೇಳಿತು. ಪಂಪು ನಿಂತರೆ ನೀರು ತಿಂಗಳೊಪ್ಪತ್ತಿನಲ್ಲಿ ಆರನೇ ಲೆವೆಲ್ ತುಂಬಿ, ಮೆಲ್ಲಗೆ ಮೇಲೇರಿ, ಗಣಿಯನ್ನೇ ನುಂಗಿಬಿಡುತ್ತದೆ. ಎಂಟು ಮನೆಯವರು ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡರು. ಅಮರಮ್ಮ ಒಪ್ಪಲಿಲ್ಲ.

“ಒಳಗ ಕತ್ತಲಾಗ ಬಿಟ್ಟು ಬಂದೀವಿ, ಅದಾ ಸಾಕು. ನೀರಾಗ ಬಿಡಂಗಿಲ್ಲ” ಎಂದು ಒಮ್ಮೆ ಹೇಳಿದ್ದಳು. ಆಮೇಲೆ ಆ ಮಾತನ್ನು ಅವಳೂ ತೆಗೆಯಲಿಲ್ಲ, ಹುಸೇನಪ್ಪನೂ ತೆಗೆಯಲಿಲ್ಲ. ಕಂಪನಿಯ ಮ್ಯಾನೇಜರು ದಾರಿಯಲ್ಲಿ ಸಿಕ್ಕಾಗಲೆಲ್ಲ ಮನೆಯವರಿಗೆ ಒಂದು ಮಾತು ಹೇಳು ಎನ್ನುತ್ತಿದ್ದರು. ಅವನು ಹೂಂ ಅನ್ನುತ್ತಿದ್ದ, ಮನೆಗೆ ಹೋಗಿ ಊಟ ಮಾಡುತ್ತಿದ್ದ, ಅಷ್ಟೆ.

ಹುಸೇನಪ್ಪನ ಕೆಲಸವೂ ಅದೇ ಗಣಿಯಲ್ಲಿ. ಗಣಿ ಮುಚ್ಚಿದ ಮರುವರ್ಷ ವಿಜ್ಞಾನಿಗಳು ಬಂದು, ಇಷ್ಟು ಆಳದ ತೂತು ಸುಮ್ಮನೆ ಸಿಗುವುದಿಲ್ಲ ಎಂದು ಹೇಳಿ, ಭೂಮಿಯ ಸದ್ದು ಕೇಳುವ ಕೇಂದ್ರವೊಂದನ್ನು ತೆರೆದರು. ಊರವರು ಅದಕ್ಕೆ ‘ಕಿವಿ ಆಫೀಸು’ ಎಂದು ಹೆಸರಿಟ್ಟರು. ಆರು ಲೆವೆಲ್, ಒಂದೊಂದರಲ್ಲಿ ನಲವತ್ತು ಕಿವಿ, ಒಟ್ಟು ಎರಡುನೂರ ನಲವತ್ತು. ಕಿವಿ ಎಂದರೆ ಬಂಡೆಗೆ ತೂತು ಕೊರೆದು ಅಂಟಿಸಿದ, ಹೆಬ್ಬೆರಳು ಗಾತ್ರದ ಮೈಕು. ತೇವ ತಾಗದಂತೆ ಮೈತುಂಬ ರಾಳ ಎರಕ ಹೊಯ್ದದ್ದು. ಅದರ ಸದ್ದನ್ನು ಮೇಲಿನ ಕಂಟ್ರೋಲ್ ರೂಮಿಗೆ ಸಾಗಿಸುತ್ತಿದ್ದದ್ದು ಆರ್ಕೆಸ್ಟ್ರಾ ವೇದಿಕೆಗಳ ಮೇಲೆ ಇರುತ್ತದಲ್ಲ, ಅಂಥದೇ ಪೆಟ್ಟಿಗೆ, ಅಂಥದೇ ಕೇಬಲ್ಲು. ಲೆವೆಲ್‌ಗೆ ಒಂದು ಪೆಟ್ಟಿಗೆ. ವಿಜ್ಞಾನಿಗಳಿಗೆ ಲೆಕ್ಕ ಬರುತ್ತಿತ್ತು, ಕೇಬಲ್ಲಿನ ತುದಿಗೆ ಪಿನ್ನು ಒತ್ತಲು ಬರುತ್ತಿರಲಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷ ಮದುವೆ, ಮೊಹರಂ, ಶಾಲೆಯ ಗ್ಯಾದರಿಂಗು ಎಂದು ಸೌಂಡ್ ಸರ್ವಿಸ್ ನಡೆಸಿದ್ದ ಹುಸೇನಪ್ಪನನ್ನು ಕರೆದುಕೊಂಡರು.

ಯಂತ್ರಗಳ ವಿಳಾಸದ ವಿದ್ಯೆ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಸಿಂಧನೂರಿನ ಒಂದು ಮದುವೆಯಲ್ಲಿ ಹೊಸ ಡಿಜಿಟಲ್ ಮಿಕ್ಸರು ತಂದು ಜೋಡಿಸಿದಾಗ, ಕೀಬೋರ್ಡು ನುಡಿದರೆ ರಿದಂ ಪ್ಯಾಡ್ ಸತ್ತುಹೋಗುತ್ತಿತ್ತು, ಪ್ಯಾಡ್ ಬಡಿದರೆ ಕೀಬೋರ್ಡು. ಅಕ್ಷತೆಯ ಹೊತ್ತಿಗೆ ಎರಡೂ ಮೂಕಾದವು. ಹುಡುಗಿಯ ಸೋದರಮಾವ ಅವನ ಏಳು ತಲೆಮಾರನ್ನು ವೇದಿಕೆಯ ಮೇಲೆ ನಿಂತೇ ವಿಚಾರಿಸಿಕೊಂಡ. ಆಮೇಲೆ ನೋಡಿದರೆ ಎರಡಕ್ಕೂ ಒಂದೇ ನಂಬರು. ಒಂದೇ ಮನೆ ನಂಬರು ಎರಡು ಮನೆಗೆ ಇದ್ದರೆ ಪೋಸ್ಟ್‌ಮನ್ ಕಾಗದ ಯಾರಿಗೆ ಕೊಡಬೇಕು? ಅವತ್ತಿನಿಂದ ಅವನು ಪ್ರತಿ ಯಂತ್ರದ ಹೊಟ್ಟೆಗೆ ಬಿಳಿ ಟೇಪು ಅಂಟಿಸಿ, ಅದರ ಮೇಲೆ ಮಾರ್ಕರಿನಲ್ಲಿ ನಂಬರು ಬರೆದೇ ಇಡುತ್ತಿದ್ದ.

ಗಣಿಯ ಕಿವಿಗಳಿಗೂ ಹಾಗೆಯೇ ಟೇಪು ಬಿತ್ತು. 172.16.6.14 ಎಂದರೆ ಆರನೇ ಲೆವೆಲ್, ಹದಿನಾಲ್ಕನೇ ಕಿವಿ. ಆ ನಂಬರಿನ ಜೊತೆ ಮಾಸ್ಕ್ ಎಂದು ಇನ್ನೊಂದು ಸಾಲು ಬರೆಯಬೇಕು. ಓಣಿ ಎಲ್ಲಿಯವರೆಗೆ ಎಂದು ಹೇಳುವುದು ಅದು. 255 ಇದ್ದಲ್ಲಿ ‘ಈ ಅಂಕಿ ಹೊಂದಿದರೆ ಮಾತ್ರ ನಮ್ಮ ಓಣಿ’ ಎಂದು ಅರ್ಥ. ಸೊನ್ನೆ ಇದ್ದಲ್ಲಿ ‘ಏನಿದ್ದರೂ ನಮ್ಮವರೇ’ ಎಂದು. ಕೇಂದ್ರದ ನಿಯಮ 255.255.255.0. ಹಾಗೆಂದರೆ ಮೂರನೇ ಅಂಕಿಯೂ, ಅಂದರೆ ಲೆವೆಲ್ಲೂ, ಹೊಂದಬೇಕು. ಆರನೇ ಲೆವೆಲ್‌ನ ಕಿವಿ ಆರನೇ ಲೆವೆಲ್‌ನ ಮಾತನ್ನಷ್ಟೇ ಕೇಳುತ್ತದೆ. ಗಣಿಯಲ್ಲಿ ಆರು ಓಣಿ, ಓಣಿಗೊಂದು ತಾಳ. ಪ್ರತಿ ಓಣಿಯಲ್ಲೂ ಒಂದು ಕಿವಿ ಹೊತ್ತಿನ ತಾಳ ಹಿಡಿಯುತ್ತದೆ, ಉಳಿದ ಮೂವತ್ತೊಂಬತ್ತು ಅದನ್ನು ಕೇಳಿ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತವೆ. ಒಂದು ಲೆವೆಲ್ ಕೆಟ್ಟರೆ ಇನ್ನೊಂದು ಕೆಡಬಾರದು ಎಂದು ಹಾಗೆ ಮಾಡಿದ್ದರು.

ಆ ವರ್ಷ ವೈಶಾಖದಲ್ಲಿ ಒಂದು ಸಂಜೆ ಗಣಿಯ ಕಬ್ಬಿಣದ ಗೋಪುರಕ್ಕೆ ಸಿಡಿಲು ಬಡಿಯಿತು. ಕಿವಿಗಳಿಗೆ ಏನೂ ಆಗಲಿಲ್ಲ. ಆರೂ ಪೆಟ್ಟಿಗೆಗಳ ನೆನಪು ಮಾತ್ರ ಅಳಿಸಿಹೋಯಿತು. ಕೇಂದ್ರದ ಮುಖ್ಯಸ್ಥೆ ವಾರಿಜಾ ಮೇಡಂ ತಮ್ಮನ ಮಗಳ ಮದುವೆಗೆ ಉಡುಪಿಗೆ ಹೋಗಿದ್ದರು. ಫೋನಿನಲ್ಲಿ ಹಿಂದೆ ನಾಗಸ್ವರ, ಮುಂದೆ ಮೇಡಂ. ಎಲ್ಲ ನಂಬರು ಹಳೆಯ ಕಾಗದದಲ್ಲಿದೆ, ಅದರಂತೆ ತುಂಬಿಸಿಬಿಡಿ ಎಂದರು. ಮರುದಿನ ನಸುಕಿನಲ್ಲೇ ಹುಸೇನಪ್ಪ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿದು ಒಂದೊಂದೇ ಲೆವೆಲ್‌ನಲ್ಲಿ ಕೂತು ತುಂಬಿಸಿದ. ವಿಳಾಸಗಳನ್ನು ಕಾಗದ ನೋಡಿಕೊಂಡೇ ಬರೆದ. ಮಾಸ್ಕ್ ಬಂದಾಗ ಕಾಗದ ನೋಡಲಿಲ್ಲ. ಮದುವೆಗಳಲ್ಲಿ ಸಾವಿರ ಸಲ ಬರೆದ ಸಾಲು ಕೈಯೇ ಬರೆದುಬಿಟ್ಟಿತು: 255.255.0.0.

ವೇದಿಕೆಯ ಯಂತ್ರಗಳಿಗೆ ಯಾರೂ ನಂಬರು ಕೊಡದಿದ್ದರೆ ಅವು ತಾವೇ 169.254 ಎಂದು ಶುರುವಾಗುವ ಒಂದು ನಂಬರು ಇಟ್ಟುಕೊಳ್ಳುತ್ತವೆ, ಅದರ ಮಾಸ್ಕ್ ಇದೇ. ಮದುವೆಯಲ್ಲಿ ಎಲ್ಲರೂ ಒಂದೇ ಓಣಿಯವರು. ಆ ರೂಢಿ ಅವನಲ್ಲಿ ಉಸಿರಿನಷ್ಟು ಒಳಗೆ ಹೋಗಿತ್ತು. ಕೊನೆಯ ಪೆಟ್ಟಿಗೆಯ ಮುಚ್ಚಳ ಹಾಕಿ, ಹಸಿರು ದೀಪ ನೋಡಿ, ಸಮಾಧಾನದಿಂದ ಮೇಲೆ ಬಂದ.

ಮೇಲೆ ಬಂದಾಗ ಅಮರಮ್ಮ ಕೇಜಿನ ಬಾಯಿಯಲ್ಲಿ ನಿಂತಿದ್ದಳು. ಅವತ್ತೇ ಆ ದಿನ.

ಕೇಜು ಸರಿಯಾಗಿ ಇಳಿಯಲೆಂದು ಬಾವಿಯಂಥ ಶಾಫ್ಟಿನ ಗೋಡೆಯುದ್ದಕ್ಕೂ, ಮೇಲಿನಿಂದ ಆರನೇ ಲೆವೆಲ್‌ನವರೆಗೆ, ಒಂದು ಕಬ್ಬಿಣದ ಹಳಿಯನ್ನು ಬಂಡೆಗೆ ಬಿಗಿದಿದ್ದಾರೆ. ಗಣಿ ನಡೆಯುತ್ತಿದ್ದಾಗ ಗಂಟೆ ಕೆಟ್ಟರೆ ಆ ಹಳಿಯನ್ನೇ ಸುತ್ತಿಗೆಯಿಂದ ಬಡಿದು ಸಂಕೇತ ಕೊಡುತ್ತಿದ್ದರು. ಒಂದು ಏಟು ಎಂದರೆ ನಿಲ್ಲಿಸು. ಎರಡು ಎಂದರೆ ಇಳಿಸು. ಮೂರು ಎಂದರೆ ಒಳಗೆ ಜನ ಇದ್ದಾರೆ, ಮೆಲ್ಲಗೆ ಮೇಲೆ ತಾ. ಕುಸಿತವಾದ ಮರುವರ್ಷದಿಂದ, ಅದೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತು ಮನೆಯವರು ಬಂದು ಹಳಿಗೆ ಮೂರು ಏಟು ಹಾಕುತ್ತಿದ್ದರು. ಪಂಪಿನ ಖಾಸಿಂಸಾಬ್ ಆ ಹೊತ್ತಿಗೆ ಹದಿನೈದು ನಿಮಿಷ ಪಂಪು ನಿಲ್ಲಿಸುತ್ತಿದ್ದ. ಯಾವ ಅಧಿಕಾರಿಯೂ ಅವನಿಗೆ ಹೇಳಿದ್ದಲ್ಲ. ಅವನಿಗಿಂತ ಮುಂಚೆ ಅವನಪ್ಪ ನಿಲ್ಲಿಸುತ್ತಿದ್ದ, ಇವನೂ ನಿಲ್ಲಿಸುತ್ತಿದ್ದ.

ಈಗ ಬರುವವಳು ಅಮರಮ್ಮ ಒಬ್ಬಳೇ. ಮೊದಲು ಅವಳ ತಾಯಿ ಹುಲಿಗೆಮ್ಮ ಬಡಿಯುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷ. ಅಮರಮ್ಮ ಸೆರಗು ಸಿಕ್ಕಿಸಿ, ಸುತ್ತಿಗೆ ಎತ್ತಿ ಮೂರು ಏಟು ಹಾಕಿದಳು. ಪಂಪು ನಿಂತಿತು. ಹದಿನೈದು ನಿಮಿಷ ಗಾಳಿಯಲ್ಲಿ ಏನೋ ಕಳಚಿಬಿದ್ದ ಹಾಗಿತ್ತು. ಮತ್ತೆ ಪಂಪು ಶುರುವಾಯಿತು. ಇಬ್ಬರೂ ಮನೆಗೆ ನಡೆದರು.

ಎರಡು ದಿನ ಬಿಟ್ಟು ವಾರಿಜಾ ಮೇಡಂ ಬಂದರು. ಕಂಟ್ರೋಲ್ ರೂಮಿನ ಪರದೆಯಲ್ಲಿ ಯಾವಾಗಲೂ ಆರು ಗೆರೆ, ಆರು ಬಣ್ಣ. ಈಗ ಒಂದೇ ಗೆರೆ. ಅವರು ಪೆಟ್ಟಿಗೆಗಳ ಪಟ್ಟಿ ತೆರೆದು ನೋಡಿ, ಕನ್ನಡಕ ತೆಗೆದಿಟ್ಟು ಹುಸೇನಪ್ಪನನ್ನು ಕರೆದರು.

“ನೀವು ಎಂತ ಮಾಡಿದ್ದು ಮಾರಾಯ್ರೆ? ಇದು ಮದುವೆ ಹಾಲ್ ಅಲ್ಲ.”

ಹುಸೇನಪ್ಪ ಪರದೆ ನೋಡಿದ. ತನ್ನ ಕೈ ಬರೆದ ಎರಡು ಸೊನ್ನೆಗಳು ಆರು ಕಡೆ ಕಂಡವು. ಸಬೂಬು ಹೇಳುವ ಜಾತಿಯವನಲ್ಲ ಅವನು. “ರೂಢಿ ರೀ ಮೇಡಂ. ಇವತ್ತೇ ಇಳಿದು ತಿದ್ತೀನಿ” ಎಂದ. ಮೇಡಂ ಮೂರು ದಿನದ ದಾಖಲೆಯೆಲ್ಲ ಹಾಳು ಎಂದುಕೊಳ್ಳುತ್ತ, ಎಷ್ಟು ಹಾಳಾಗಿದೆ ನೋಡೋಣವೆಂದು ಹಿಂದಕ್ಕೆ ಸರಿಸಿದರು. ಅವರ ಕೈ ಆ ದಿನದ ಹನ್ನೊಂದು ಗಂಟೆಯ ಹತ್ತಿರ ನಿಂತಿತು.

ಅಮರಮ್ಮನ ಮೂರು ಏಟು ಚೂಪಾಗಿ ಮೂರು ಮುಳ್ಳಿನ ಹಾಗೆ ನಿಂತಿದ್ದವು. ಅದು ಪ್ರತಿವರ್ಷ ಇರುತ್ತಿತ್ತು. ಪಂಪು ನಿಂತದ್ದರಿಂದ ಮುಂದೆ ಗೆರೆ ಸಪಾಟು. ಆ ಸಪಾಟಿನ ನಡುವೆ, ಎಂಟು ನಿಮಿಷ ಮೂವತ್ತೊಂದು ಸೆಕೆಂಡಿಗೆ, ಮೂರು ಉಬ್ಬು ಇದ್ದವು. ಮೂಲೆ ಸವೆದು ದುಂಡಗಾದ, ನದಿಯ ಕಲ್ಲಿನಂಥ ಮೂರು ಉಬ್ಬು. ಒಂದರಿಂದ ಒಂದಕ್ಕೆ ಇದ್ದ ಅಂತರ, ಏಟುಗಳ ನಡುವಿನ ಅಂತರವೇ.

ಮೇಡಂ ಒಂದು ಹಾಳೆಯ ಮೇಲೆ ಭೂಮಿಯ ಚಿತ್ರ ಬರೆದು, ನಡುವೆ ಒಂದು ಚೆಂಡು ಬರೆದರು. ಎರಡು ಸಾವಿರದ ಒಂಬೈನೂರು ಕಿಲೋಮೀಟರ್ ಕೆಳಗೆ ಕಲ್ಲು ಮುಗಿಯುತ್ತದೆ, ಕರಗಿದ ಕಬ್ಬಿಣದ ಕಡಲು ಶುರುವಾಗುತ್ತದೆ ಎಂದರು. ಅಲ್ಲಿಗೆ ಹೋಗಿ, ಆ ಕಡಲಿಗೆ ಬಡಿದು, ತಿರುಗಿ ಬರಲು ಸದ್ದಿಗೆ ಬೇಕಾದ ಹೊತ್ತು ಎಂಟು ನಿಮಿಷ ಮೂವತ್ತೊಂದು ಸೆಕೆಂಡು. ದೊಡ್ಡ ಭೂಕಂಪಗಳ ಸದ್ದು ಹಾಗೆ ಮರಳುವುದನ್ನು ಜನ ಕೇಳಿದ್ದರು. ಹೆಂಗಸೊಬ್ಬಳ ಸುತ್ತಿಗೆಯ ಏಟು ಮರಳಿದ್ದನ್ನು ಯಾರೂ ಕೇಳಿರಲಿಲ್ಲ.

ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಹುಸೇನಪ್ಪ ಕೇಳಿದ. ಕೇಳಿದವನಿಗೇ ಉತ್ತರವೂ ಹೊಳೆಯಿತು. ಆರು ಓಣಿಯಲ್ಲಿ ಆರು ಭಜನೆ ಮೇಳ ತಮ್ಮತಮ್ಮ ತಾಳಕ್ಕೆ ಹಾಡಿದರೆ ದೂರದಲ್ಲಿ ನಿಂತವನಿಗೆ ಬರೀ ಗದ್ದಲ. ಆರೂ ಮೇಳ ಒಂದೇ ತಾಳ ಹಿಡಿದರೆ ಪಕ್ಕದ ಊರಿಗೆ ಹಾಡು ಮುಟ್ಟುತ್ತದೆ. ಕಿವಿಗಳೂ ಅಷ್ಟೆ. ಎರಡುನೂರ ನಲವತ್ತೂ ಒಂದೇ ಗಡಿಯಾರಕ್ಕೆ ಸೇರಿದ ಮೇಲೆ, ಕೆಳಗಿಂದ ಬಂದ ಸದ್ದು ಕೂಡಿ ಕೂಡಿ ಬೆಳೆಯಿತು, ಕಿವಿಗೊಂದರಂತೆ ಇದ್ದ ಗದ್ದಲ ಒಂದನ್ನೊಂದು ಹೊಡೆದುಹಾಕಿಕೊಂಡಿತು.

“ತಿದ್ದಾಕ ಇಳೀಲೇನ್ರಿ ಮೇಡಂ?”

“ಮುಟ್ಟಿದರೆ ನೋಡಿ ಮತ್ತೆ” ಎಂದರು ವಾರಿಜಾ ಮೇಡಂ.

ಆ ಸದ್ದು ತೀರ ತಗ್ಗಿನದು, ಕಿವಿಗೆ ಕೇಳಿಸುವಂಥದಲ್ಲ. ವೇಗ ಹೆಚ್ಚಿಸಿ ಕೇಳಿಸಬಹುದು ಎಂದು ಮೇಡಂ ಹೇಳಿದರು, ಆದರೆ ಆಗ ಅದು ಅದಾಗಿ ಉಳಿಯುವುದಿಲ್ಲ. ಹುಸೇನಪ್ಪ ಯೋಚಿಸಿದ. ಮನೆಯಲ್ಲಿ ತಗ್ಗು ಸದ್ದಿನ ಅವನ ಹಳೆಯ ಸ್ಪೀಕರು, ಬಾಸ್ ಪೆಟ್ಟಿಗೆ ಇತ್ತು, ಸೊಂಟದೆತ್ತರದ್ದು. ಮಾರಲು ಮನಸ್ಸಾಗದೆ ಉಳಿಸಿಕೊಂಡದ್ದು. ಅಮರಮ್ಮ ಅದರ ಮೇಲೆ ಜೋಳದ ಚೀಲ ಇಡುತ್ತಿದ್ದಳು. ಅದು ಇದ್ದರೆ ಇದ್ದ ಸದ್ದನ್ನೇ ಕೈಗೆ ಮುಟ್ಟಿಸಬಹುದು. ಇಪ್ಪತ್ತಾರು ವರ್ಷ ಸ್ಪೀಕರುಗಳ ಮುಂದೆ ನಿಂತು ಅವನ ಕಿವಿ ಅರ್ಧ ಹೋಗಿತ್ತು. ಮಿಕ್ಸರಿನ ಮುಂದೆ ಕೂತಾಗಲೂ ಅವನು ಬಾಸನ್ನು ಅಂಗೈಯಿಂದಲೇ ಅಳೆಯುತ್ತಿದ್ದ.

ಮರುದಿನ ಮಧ್ಯಾಹ್ನ ಮೇಡಂ ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದರು. ಅಮರಮ್ಮ ಚಹಾ ಕೊಟ್ಟಳು, ಮುಖ ಮಾತ್ರ ಬಿಗಿಯಾಗೇ ಇತ್ತು. ಆಫೀಸಿನವರು ಮನೆಗೆ ಬಂದರೆ ಸಹಿಯ ಮಾತೇ ಇರುತ್ತದೆ ಎಂದು ಅವಳಿಗೆ ಗೊತ್ತು. ಹುಸೇನಪ್ಪ ಜೋಳದ ಚೀಲ ಇಳಿಸಿ, ತಂತಿ ಜೋಡಿಸಿ, ಪೆಟ್ಟಿಗೆಯ ಮೈಮೇಲೆ ಕೈ ಇಡು ಎಂದ.

ಮೊದಲು ಅವಳ ಏಟು ಬಂತು. ಠಣ್ ಠಣ್ ಠಣ್. ಇದು ನಂದಾ ಎಂದಳು. ನಿನ್ನದೇ, ಕೈ ತೆಗೀಬ್ಯಾಡ ಎಂದ. ಮೇಡಂ ನಡುವಿನ ಎಂಟು ನಿಮಿಷವನ್ನು ಕತ್ತರಿಸಿರಲಿಲ್ಲ. ಅಮರಮ್ಮ ಎರಡು ಸಲ ಅಂಗೈ ಬದಲಿಸಿದಳು, ಒಲೆಯ ಮೇಲಿನ ಬ್ಯಾಳಿ ನೋಡಿ ಬರಲೇ ಎಂದು ಕೇಳಿದಳು. ಆಮೇಲೆ ಪೆಟ್ಟಿಗೆ ಉಸಿರು ಬಿಟ್ಟಿತು. ಒಂದು. ಎರಡು. ಮೂರು. ಸದ್ದೇ ಇರಲಿಲ್ಲ. ಮಲಗಿದ ದೊಡ್ಡ ಎತ್ತಿನ ಪಕ್ಕೆಯ ಮೇಲೆ ಕೈ ಇಟ್ಟರೆ ಮೂರು ಸಲ ಎದ್ದು ಇಳಿದ ಹಾಗೆ. ಗೂಡಿನ ಮೇಲಿದ್ದ ಸ್ಟೀಲಿನ ಲೋಟಗಳು ಸಣ್ಣಗೆ ನಡುಗಿ ಸುಮ್ಮನಾದವು.

ಅಮರಮ್ಮ ಕೈ ತೆಗೆಯಲಿಲ್ಲ. “ಯಾರದು?” ಎಂದಳು.

ಯಾರೂ ಅಲ್ಲ, ಭೂಮಿ ಎಂದರು ಮೇಡಂ. ನೀವು ಬಡಿದದ್ದು ನಡುಮಧ್ಯದ ಕಡಲಿನವರೆಗೆ ಹೋಗಿ, ತಿರುಗಿ ಬಂದಿದೆ.

“ಆರನೇ ಲೆವೆಲ್ ದಾಟಿ?”

“ದಾಟಿಯೇ ಹೋಗಿದೆ, ದಾಟಿಯೇ ಬಂದಿದೆ.”

ಅವಳು, ಪ್ರತಿವರ್ಷ ಹಿಂಗ ಬರ್ತಿತ್ತೇನು ಎಂದು ಕೇಳಿದಳು. ನಮ್ಮವ್ವ ಬಡಿದಾಗಲೂ?

ಆ ಪ್ರಶ್ನೆಗೆ ಉತ್ತರ ಹೇಳಲು ವಾರಿಜಾ ಮೇಡಂಗೆ ಹದಿನೆಂಟು ದಿನ ಹಿಡಿಯಿತು. ಹನ್ನೊಂದು ವರ್ಷದ ದಾಖಲೆ ಕೇಂದ್ರದಲ್ಲಿ ಇತ್ತು, ಆರು ಬೇರೆ ಬೇರೆ ತಾಳದಲ್ಲಿ. ಒಂದೊಂದು ವರ್ಷವೂ ಏಟು ಎಲ್ಲ ಲೆವೆಲ್‌ಗೂ ಮುಟ್ಟಿದ ಕ್ಷಣವನ್ನೇ ಗುರುತು ಮಾಡಿಕೊಂಡು, ಆರು ಗಡಿಯಾರಗಳು ಎಷ್ಟೆಷ್ಟು ಜಾರಿದ್ದವು ಎಂದು ಅಳೆದು, ಕೈಯಿಂದ ಒಂದಕ್ಕೊಂದು ಹೊಂದಿಸಿದರು. ಮೊದಲ ಏಳು ವರ್ಷ ಹುಲಿಗೆಮ್ಮನ ಕೈ, ಆಮೇಲಿನ ನಾಲ್ಕು ಅಮರಮ್ಮನ ಕೈ. ಎಲ್ಲದರಲ್ಲೂ ಎಂಟು ನಿಮಿಷ ಮೂವತ್ತೊಂದು ಸೆಕೆಂಡಿಗೆ ಮೂರು ಉಬ್ಬು. ಕಂಪನಿಯವರು ಸಹಿಗೆಂದು ಫೈಲು ಹಿಡಿದು ಓಡಾಡಿದ ವರ್ಷ, ಮಳೆ ಬಾರದ ವರ್ಷ, ಚುನಾವಣೆಯ ವರ್ಷ, ಎಲ್ಲ ವರ್ಷವೂ ಅದು ಬಂದು, ಯಾರಿಗೂ ಕೇಳಿಸದೆ ಹೋಗಿತ್ತು.

ಇನ್ನೊಂದು ಸಂಗತಿಯೂ ಕಂಡಿತು. ಅದನ್ನು ಹೇಳಲೆಂದು ಮೇಡಂ ಹುಸೇನಪ್ಪನನ್ನು ಮೊದಲು ಒಬ್ಬನನ್ನೇ ಕರೆದರು. ಹುಲಿಗೆಮ್ಮನ ಏಳು ವರ್ಷವನ್ನು ಒಂದರ ಮೇಲೊಂದು ತೆಳುಬಟ್ಟೆಯಂತೆ ಹಾಸಿದಾಗ, ಮೂರು ಉಬ್ಬಿನ ನಂತರ, ನಾಲ್ಕೈದು ಉಸಿರಿನಷ್ಟು ಅಂತರ ಬಿಟ್ಟು, ಒಂದು ಪುಟ್ಟ ನಾಲ್ಕನೆಯದು ಇತ್ತು. ಯಾವ ಒಂದು ವರ್ಷದಲ್ಲೂ ಕಾಣದಷ್ಟು ಸಣ್ಣದು. ಏಳನ್ನೂ ಕೂಡಿಸಿದರೆ ನಿಚ್ಚಳ. ಅಮರಮ್ಮನ ವರ್ಷಗಳಲ್ಲಿ ಅದು ಇರಲಿಲ್ಲ.

ಹುಸೇನಪ್ಪನಿಗೆ ನೆನಪಿತ್ತು. ಅತ್ತೆ ಮೂರು ಏಟು ಹಾಕಿ, ಸುಮ್ಮನೆ ನಿಂತು, ಆಮೇಲೆ ಸುತ್ತಿಗೆಯನ್ನು ಹಳಿಗೆ ಒಮ್ಮೆ ಮೆತ್ತಗೆ ತಾಗಿಸಿ ಕೆಳಗಿಡುತ್ತಿದ್ದಳು. ವಯಸ್ಸಾಯಿತು, ಕೈ ಸೋತಿತು ಎಂದು ಎಲ್ಲರೂ ಅಂದುಕೊಂಡಿದ್ದರು.

ಈ ಮಾತನ್ನು ಮನೆಗೆ ಒಯ್ಯುವುದೋ ಬೇಡವೋ ಎಂದು ಅವನು ಕೇಳಿದ. ಮೇಡಂ ಕಿಟಕಿಯ ಹೊರಗೆ ನೋಡಿದರು. ಹೊರಗೆ ಪಂಪು ಗುಡುಗುತ್ತಿತ್ತು.

“ಹುಸೇನಪ್ಪ, ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆ ಪಂಪು ನಿಂತರೆ ನನಗೆ ಲಾಭ. ವರ್ಷಕ್ಕೆ ಹದಿನೈದು ನಿಮಿಷ ಕೇಳುವುದನ್ನು ಇಡೀ ವರ್ಷ ಕೇಳಬಹುದು. ಕಿವಿಗಳಿಗೆ ನೀರು ತಾಗಿದರೂ ಏನೂ ಆಗುವುದಿಲ್ಲ, ಪೆಟ್ಟಿಗೆಗಳನ್ನು ಮೇಲೆ ತಂದರಾಯಿತು. ಅದಕ್ಕೇ ಈ ವಿಷಯದಲ್ಲಿ ನಾನು ನಿಮ್ಮ ಮನೆಯವರಿಗೆ ಒಂದು ಮಾತೂ ಹೇಳುವುದಿಲ್ಲ. ಇದ್ದದ್ದನ್ನು ತೋರಿಸುತ್ತೇನೆ, ಅಷ್ಟೆ.”

ಅಮರಮ್ಮ ಕಂಟ್ರೋಲ್ ರೂಮಿಗೆ ಮೊದಲ ಸಲ ಬಂದಳು. ಬಾಸ್ ಪೆಟ್ಟಿಗೆಯನ್ನು ಅಲ್ಲಿಗೇ ತಂದಿದ್ದರು. ಅವಳು ಅಂಗೈ ಇಟ್ಟಳು. ಅವ್ವನ ಏಳು ವರ್ಷ ಒಂದಾಗಿ ಬಂತು: ಒಂದು, ಎರಡು, ಮೂರು. ಅವಳು ಕೈ ತೆಗೆಯಲು ಹೋದಾಗ ಹುಸೇನಪ್ಪ ಅದರ ಮೇಲೆ ತನ್ನ ಕೈ ಇಟ್ಟ. ನಾಲ್ಕನೆಯದು ಬಂತು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಎಬ್ಬಿಸದಂತೆ ಮುಟ್ಟಿದ ಹಾಗೆ.

ಇನ್ನೊಮ್ಮೆ ಹಾಕ್ರಿ ಎಂದಳು. ಮೂರು ಸಲ ಹಾಕಿಸಿಕೊಂಡಳು. ನಾಲ್ಕನೆಯ ಸಲ ಬೇಡವೆಂದಳು.

“ಅದು ಕೈ ಸೋತದ್ದಲ್ಲ” ಎಂದಳು ಗಂಡನಿಗೆ. “ಒಂದು ಅಂದ್ರ ನಿಲ್ಸು. ಗಣಿಯಾಗ ಹುಟ್ಟಿ ಬೆಳದಾಕಿ ನಮ್ಮವ್ವ, ಆಕಿಗೆ ಗೊತ್ತಿಲ್ಲೇನು? ಮೇಲೆ ತಾ ಅಂತ ನಮ್ಮ ಮುಂದ ಕೇಳ್ಯಾಳ. ಇರಲಿ, ಇದ್ದಲ್ಲೇ ಇರಲಿ ಅಂತ ಆಕಿ ಹೇಳ್ಯಾಳ. ವರ್ಷಾ ವರ್ಷಾ ಹೇಳ್ಯಾಳ. ನಾ ಪಕ್ಕದಾಗ ನಿಂತು ಕೇಳಿಸ್ಕೊಂಡಿಲ್ಲ.”

ಇರಬಹುದು, ಇಲ್ಲದಿರಲೂಬಹುದು, ಸತ್ತವರ ಮನಸ್ಸು ಯಾರಿಗೆ ಗೊತ್ತು ಎಂದು ಹುಸೇನಪ್ಪ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಹೆಗಲು ಮೂವತ್ಮೂರು ವರ್ಷದಿಂದ ಹೊತ್ತದ್ದನ್ನು ಇಳಿಸುತ್ತಿರುವುದು ಅವನಿಗೆ ಕಾಣುತ್ತಿತ್ತು.

ಸಹಿ ಹಾಕುವ ಮುಂಚೆ ಅಮರಮ್ಮ ಒಂದು ಷರತ್ತು ಹಾಕಿದಳು. ತಾನು ಒಮ್ಮೆ ಆರನೇ ಲೆವೆಲ್‌ಗೆ ಇಳಿಯಬೇಕು. ಮ್ಯಾನೇಜರು ನಿಯಮ ಹೇಳಲು ಬಾಯಿ ತೆರೆದರು, ಆಮೇಲೆ ಮುಚ್ಚಿ ಒಂದು ಹೆಲ್ಮೆಟ್ಟು ತರಿಸಿದರು.

ಇಳಿಯಲು ಏಳು ನಿಮಿಷ. ಕೆಳಗೆ ಒಲೆಯ ಮುಂದೆ ಕೂತಂಥ ಸೆಕೆ. ಸುರಂಗದ ಕೊನೆಯಲ್ಲಿ ಬಿದ್ದ ಬಂಡೆಗಳ ಗೋಡೆ. ಅಮರಮ್ಮ ಅಲ್ಲಿ ಕುಂಕುಮ ಇಡಲಿಲ್ಲ, ಅಳಲಿಲ್ಲ. ಬಂಡೆಗೆ ಎರಡೂ ಅಂಗೈ ಒತ್ತಿ, ಬಾಸ್ ಪೆಟ್ಟಿಗೆಗೆ ಒತ್ತಿದ ಹಾಗೆಯೇ, ಬಹಳ ಹೊತ್ತು ನಿಂತಳು. ಹುಸೇನಪ್ಪ ಆ ಗೋಡೆಗೇ ಒಂದು ತೂತು ಕೊರೆದು ಕೊನೆಯ ಕಿವಿಯನ್ನು ಕೂಡಿಸಿದ. ಎರಡುನೂರ ನಲವತ್ತೊಂದನೆಯದು. ಟೇಪು ಹರಿದು, ಮಾರ್ಕರು ತೆಗೆದು ಬರೆದ: 172.16.6.0.

ಇದ್ಯಾಕೆ ಸೊನ್ನೆ ಎಂದು ಅವಳು ಕೇಳಿದಳು.

ಅವನು ಬಂಡೆಯ ಮೇಲೆ ಕೂತು ಹೇಳಿದ. ಓಣಿ ಸಣ್ಣದಿದ್ದಾಗ ಸೊನ್ನೆಯನ್ನು ಯಾವ ಮನೆಗೂ ಕೊಡುವಂತಿಲ್ಲ. ಅದು ಓಣಿಯ ಹೆಸರು. ಅಲ್ಲಿ ಯಾರೂ ಇರುವುದಿಲ್ಲ, ಅಲ್ಲಿಗೆ ಕಾಗದ ಹೋಗುವುದಿಲ್ಲ. ಹನ್ನೊಂದು ವರ್ಷ ಆರನೇ ಲೆವೆಲ್‌ನಲ್ಲಿ ಆ ನಂಬರು ಖಾಲಿಯೇ ಇತ್ತು. ಈಗ ಓಣಿ ದೊಡ್ಡದಾಗಿದೆ. ದೊಡ್ಡ ಓಣಿಯಲ್ಲಿ ಆರು-ಸೊನ್ನೆಯೂ ಎಲ್ಲರ ಹಾಗೆ ಒಂದು ಮನೆ. ಅದಕ್ಕೂ ಸದ್ದು ಮುಟ್ಟುತ್ತದೆ.

ಅಮರಮ್ಮ ಟೇಪಿನ ತುದಿ ಏಳದಂತೆ ಹೆಬ್ಬೆರಳಿನಿಂದ ಒತ್ತಿದಳು.

ಪೆಟ್ಟಿಗೆಗಳೆಲ್ಲ ಮೇಲೆ ಬಂದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹಳಿಯ ಮುಂದೆ ನಿಂತಳು. ಎಂಟು ಮನೆಗಳಿಂದಲೂ ಒಬ್ಬೊಬ್ಬರು ಬಂದಿದ್ದರು. ಪಂಪಿನ ಮನೆಯ ಬಾಗಿಲಲ್ಲಿ ಖಾಸಿಂಸಾಬ್ ಟೋಪಿ ಸರಿಪಡಿಸಿಕೊಂಡು ಕಾದಿದ್ದ. ಅಮರಮ್ಮ ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದಳು.

ಖಾಸಿಂಸಾಬ್ ಹಿಡಿ ಎಳೆದ. ಪಂಪು ನಿಂತಿತು. ಹದಿನೈದು ನಿಮಿಷಕ್ಕಲ್ಲ.

ಊರಿನ ಮಕ್ಕಳಿಗೆ ಪಂಪಿನ ಸದ್ದಿಲ್ಲದ ಲೋಕವೇ ಗೊತ್ತಿರಲಿಲ್ಲ. ಎಲ್ಲೋ ಒಂದು ಆಡು ಅರಚಿದ್ದು, ದೂರದ ರಸ್ತೆಯ ಲಾರಿ, ಬಿಸಿಲಿಗೆ ಗೋಪುರದ ತಗಡು ಚಟಗುಟ್ಟಿದ್ದು, ಎಲ್ಲ ಹೊಸದಾಗಿ ಕೇಳಿಸಿತು. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಬಾಸ್ ಪೆಟ್ಟಿಗೆಯ ಸುತ್ತ ಸೇರಿ, ಜಾಗ ಸಿಕ್ಕಲ್ಲಿ ಕೈ ಇಟ್ಟರು. ಖಾಸಿಂಸಾಬ್‌ಗೆ ಜಾಗ ಸಾಲದೆ ಒಂದು ಬೆರಳು ಇಟ್ಟ. ಎಂಟು ನಿಮಿಷ ಮೂವತ್ತೊಂದು ಸೆಕೆಂಡಿಗೆ ಅದು ಬಂತು. ಒಂದೇ ಒಂದು, ದುಂಡಗೆ.

ಕೈ ತೆಗೆಯಲು ಹೊರಟವರನ್ನು ಮೇಡಂ ತಡೆದರು. ಅವರ ದನಿ ತಗ್ಗಿತ್ತು. ಇನ್ನೊಂದು ಇದೆ, ಇಷ್ಟು ವರ್ಷ ಹದಿನೈದು ನಿಮಿಷದ ಮೌನದಲ್ಲಿ ಅದನ್ನು ಹಿಡಿಯಲು ಆಗುತ್ತಲೇ ಇರಲಿಲ್ಲ ಎಂದರು. ಎಲ್ಲ ಸದ್ದೂ ಆ ಕಬ್ಬಿಣದ ಕಡಲಿಗೆ ಬಡಿದು ಹಿಂದಿರುಗುವುದಿಲ್ಲ. ಸ್ವಲ್ಪ ಅದರೊಳಗೆ ಇಳಿಯುತ್ತದೆ, ನಡುವಿನ ಗಟ್ಟಿಗುಂಡನ್ನು ಹಾಯುತ್ತದೆ, ಭೂಮಿಯ ಆಚೆ ಮಗ್ಗುಲಿಗೆ ಹೋಗಿ ಅಲ್ಲಿನ ಸಮುದ್ರದ ತಳಕ್ಕೆ ತಲೆ ತಾಗಿಸಿ ವಾಪಸು ಬರುತ್ತದೆ. ಅಲ್ಲಿ ಈಗ ರಾತ್ರಿ. ಹೋಗಿ ಬರಲು ನಲವತ್ತು ನಿಮಿಷ ಇಪ್ಪತ್ನಾಲ್ಕು ಸೆಕೆಂಡು ಬೇಕು. ಬರುತ್ತದೆ ಎಂದು ನನ್ನ ಲೆಕ್ಕ ಹೇಳುತ್ತದೆ, ನೋಡಿದವರು ಯಾರೂ ಇಲ್ಲ.

ಅಮರಮ್ಮ ಬುತ್ತಿ ಬಿಚ್ಚಿದಳು. ಕಾಯುವುದು ಅವಳಿಗೆ ಹೊಸದಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಯಿತು. ಪುಂಡಿಪಲ್ಯ ಹುಳಿಯಾಯಿತೆಂದು ಮೇಡಂ ಮುಖ ಕಿವುಚಿದರೆ, ಮೀನು ತಿನ್ನೋರಿಗೆ ಇದು ಹತ್ತಂಗಿಲ್ಲ ಬಿಡ್ರಿ ಎಂದು ಯಾರೋ ಅಂದರು. ಹುಸೇನಪ್ಪ ಗಡಿಯಾರ ನೋಡುತ್ತಲೇ ಇದ್ದ.

“ಅದನ್ಯಾಕ ನೋಡ್ತೀರಿ? ಅದು ತನ್ನ ಹೊತ್ತಿಗೆ ಬರ್ತೈತಿ” ಎಂದಳು ಅಮರಮ್ಮ.

ಪರದೆಯ ಮೇಲೆ ಎರಡುನೂರ ನಲವತ್ತೊಂದು ಸಣ್ಣ ದೀಪಗಳು ಸಾಲಾಗಿ ಆರಿ ನಿಂತಿದ್ದವು. ಸದ್ದು ಮುಟ್ಟಿದ ಕಿವಿಯ ದೀಪ ಹತ್ತುತ್ತದೆ. ಕೆಳಗಿಂದ ಬರುವ ಸದ್ದು ಮೊದಲು ತಳದ ಕಿವಿಗಳಿಗೆ ಮುಟ್ಟಿ, ಆಮೇಲೆ ಮೇಲಕ್ಕೆ ಏರುತ್ತದೆ. ಅದೆಲ್ಲ ಕಣ್ಣು ಮುಚ್ಚಿ 	ತೆರೆಯುವುದರೊಳಗೆ ಮುಗಿದುಹೋಗುತ್ತದೆ ಎಂದು ಮೇಡಂ ಅದನ್ನು ನಿಧಾನಗೊಳಿಸಿ ತೋರಿಸಲು ಸಿದ್ಧ ಮಾಡಿಟ್ಟಿದ್ದರು.

ನಲವತ್ತು ನಿಮಿಷ ಇಪ್ಪತ್ನಾಲ್ಕು ಸೆಕೆಂಡಿಗೆ ಪೆಟ್ಟಿಗೆ ಎಲ್ಲರ ಕೈಗಳನ್ನೂ ಒಮ್ಮೆ ಮೆಲ್ಲಗೆ ಎತ್ತಿ ಇಳಿಸಿತು.

ಪರದೆಯ ತಳದಲ್ಲಿ ಒಂದು ದೀಪ ಹತ್ತಿತು. ಆಮೇಲೆ ಅದರ ಪಕ್ಕದ್ದು, ಆಮೇಲೆ ಇಡೀ ಆರನೇ ಸಾಲು, ಐದನೆಯದು, ನಾಲ್ಕನೆಯದು. ಯಾರೋ ಕೆಳಗಿಂದ ಮೆಟ್ಟಿಲು ಮೆಟ್ಟಿಲಾಗಿ ಹಣತೆ ಹಚ್ಚಿಕೊಂಡು ಮೇಲೆ ಬಂದ ಹಾಗೆ ಗಣಿ ಪೂರ್ತಿ ಬೆಳಗಿತು.

ಮೊದಲು ಹತ್ತಿದ್ದು ಯಾವುದು ಎಂದು ಅಮರಮ್ಮ ಕೇಳಿದಳು. ಹುಸೇನಪ್ಪನಿಗೆ ಕನ್ನಡಕ ಬೇಕಾಗಲಿಲ್ಲ. ಆ ನಂಬರನ್ನು ಟೇಪಿನ ಮೇಲೆ ಬರೆದವನು ಅವನೇ.

“ಆರು-ಸೊನ್ನೆ” ಎಂದ.